ಗಾಜಿನ ಮೆಟ್ಟಿಲು ಎಷ್ಟು ಭದ್ರ?

ವಾಣಿಜ್ಯ ಕಟ್ಟಡಗಳಲ್ಲಿ ಗಾಜಿನ ಮೆಟ್ಟಿಲು ಎರಡು ಬಗೆಯಾಗಿ ಬರುತ್ತದೆ. ಕಾಲಿಡುವ ಹಲಗೆಯೇ ಗಾಜಿನದಾಗಿರುವುದು ಒಂದು ಬಗೆ. ಹಲಗೆ ಕಲ್ಲು, ಕಾಂಕ್ರೀಟ್ ಅಥವಾ ಉಕ್ಕಿನದಾಗಿದ್ದು ಪಕ್ಕದ ರೇಲಿಂಗ್ ಮಾತ್ರ ಗಾಜಿನದಾಗಿರುವುದು ಇನ್ನೊಂದು. ಮೊದಲನೆಯದು ದೊಡ್ಡ ನಗರಗಳ ಮಾಲ್, ಹೋಟೆಲ್, ಆಭರಣ ಮಳಿಗೆಗಳ ಸೊಬಗು. ಎರಡನೆಯದು ಅಗ್ಗವಾದ್ದರಿಂದ ಸಣ್ಣ ಊರುಗಳಿಗೂ ಬಂದಿದೆ. ಬೀದರ್‌, ಭಾಲ್ಕಿ, ಔರಾದ್‌ಗಳಲ್ಲಿ ಬಟ್ಟೆ ಅಂಗಡಿಯನ್ನೋ ಚಿನ್ನದಂಗಡಿಯನ್ನೋ ಕಟ್ಟಿಸುವವರ ಮುಂದೆ ಈಗ ಗಾಜಿನ ಆಯ್ಕೆಯೂ ಇದೆ. ಸಂತಪುರದಂಥ ಹೋಬಳಿ ಕೇಂದ್ರದಲ್ಲಿ ಎರಡಂತಸ್ತಿನ ಅಂಗಡಿ ಸಾಲು ಏಳುವಾಗಲೂ ಈ ಆಯ್ಕೆ ಎದುರಾಗುತ್ತದೆ.

ಗಾಜನ್ನು ಬಯಸಲು ಕಾರಣಗಳಿವೆ. ಅದು ಬೆಳಕನ್ನು ತಡೆಯುವುದಿಲ್ಲ. ಕಿರಿದಾದ ಅಂಗಡಿಯನ್ನೂ ಅಗಲವಾಗಿ ತೋರಿಸುತ್ತದೆ, ಮೇಲಿನ ಮಹಡಿಯ ಸರಕು ಕೆಳಗಿನವರ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಆದರೆ ಮೆಟ್ಟಿಲು ಅಲಂಕಾರದ ವಸ್ತುವಲ್ಲ. ದಿನವಿಡೀ ನೂರಾರು ಕಾಲುಗಳು ಅದನ್ನು ತುಳಿಯುತ್ತವೆ. ಅವಘಡವಾದಾಗ ಜನ ಓಡಿ ಹೊರಬರುವ ದಾರಿಯೂ ಅದೇ. ಹಾಗಾಗಿ ಗಾಜಿನ ಮೆಟ್ಟಿಲಿನ ಭದ್ರತೆಯನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕು: ಗಾಜು ಒಡೆದ ಮೇಲೂ ಭಾರ ಹೊರುತ್ತದೆಯೇ? ಕಾಲು ಜಾರುವುದಿಲ್ಲವೇ? ಮೆಟ್ಟಿಲಿನ ಅಂಚು ಕಣ್ಣಿಗೆ ಕಾಣುತ್ತದೆಯೇ? ಬೆಂಕಿ ಬಿದ್ದರೆ ಹೊರಹೋಗಲು ಬೇರೆ ದಾರಿ ಇದೆಯೇ?

ಗಾಜಿನ ಗುಣ

ಉಕ್ಕಿನ ಮೇಲೆ ಅತಿಭಾರ ಬಿದ್ದರೆ ಅದು ಮೊದಲು ಬಾಗುತ್ತದೆ. ಕಾಂಕ್ರೀಟಿನಲ್ಲಿ ಬಿರುಕು ಕಾಣಿಸುತ್ತದೆ. ಎರಡೂ ಮುನ್ಸೂಚನೆ ಕೊಟ್ಟು ಸೋಲುತ್ತವೆ. ಗಾಜು ಹಾಗಲ್ಲ, ಅದು ಕಡೆಯ ಗಳಿಗೆಯವರೆಗೂ ನೆಟ್ಟಗಿದ್ದು ಒಮ್ಮೆಲೇ ಒಡೆಯುತ್ತದೆ. ಅದರ ಮೇಲ್ಮೈಯಲ್ಲಿ, ಅದರಲ್ಲೂ ಕತ್ತರಿಸಿದ ಅಂಚಿನಲ್ಲಿ, ಬರಿಗಣ್ಣಿಗೆ ಕಾಣದ ಸೀಳುಗಳಿರುತ್ತವೆ. ಎಳೆತ ಹೆಚ್ಚಿದಾಗ ಆ ಸೀಳುಗಳಲ್ಲೊಂದು ಬೆಳೆದು ಇಡೀ ಹಲಗೆಯನ್ನು ಸೀಳಿಬಿಡುತ್ತದೆ.

ಕಿಟಕಿಗೆ ಹಾಕುವ ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದ ಚೂರುಗಳಾಗುತ್ತವೆ. ಮೆಟ್ಟಿಲಿಗಾಗಲಿ ರೇಲಿಂಗ್‌ಗಾಗಲಿ ಅದನ್ನು ಬಳಸುವಂತಿಲ್ಲ. ಅದೇ ಗಾಜನ್ನು 620 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಬದಿಗೆ ರಭಸದ ತಂಪುಗಾಳಿ ಹಾಯಿಸಿದರೆ ಟಫನ್ಡ್ ಗಾಜು ಆಗುತ್ತದೆ. ಹೊರಮೈ ಬೇಗ ಗಟ್ಟಿಯಾಗುತ್ತದೆ, ಒಳಭಾಗ ನಿಧಾನವಾಗಿ ತಣಿಯುತ್ತ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಈ ಬಿಗಿತದಿಂದಾಗಿ ಮೇಲ್ಮೈಯ ಸೀಳುಗಳು ಸುಲಭವಾಗಿ ಬಾಯಿ ಬಿಡುವುದಿಲ್ಲ. ಸಾದಾ ಗಾಜಿಗಿಂತ ಟಫನ್ಡ್ ಗಾಜು ನಾಲ್ಕರಿಂದ ಐದು ಪಟ್ಟು ಬಲಿಷ್ಠ. ಒಡೆದರೂ ಮೊಂಡು ಅಂಚಿನ ಸಣ್ಣ ಹರಳುಗಳಾಗಿ ಉದುರುವುದರಿಂದ ಆಳವಾದ ಗಾಯ ಆಗುವುದು ಕಡಿಮೆ. ಒಮ್ಮೆ ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲಾಗದು, ತೂತು ಕೊರೆಯಲಾಗದು. ಅಳತೆ, ತೂತು, ಅಂಚಿನ ಪಾಲಿಶ್ ಎಲ್ಲವೂ ಅದಕ್ಕೆ ಮೊದಲೇ ಮುಗಿದಿರಬೇಕು.

ಟಫನ್ಡ್ ಗಾಜಿಗೂ ಒಂದು ದೋಷವಿದೆ. ತಯಾರಿಕೆಯ ಹೊತ್ತಿನಲ್ಲಿ ಒಳಗೆ ಉಳಿದ ನಿಕಲ್ ಸಲ್ಫೈಡ್‌ನ ಸೂಕ್ಷ್ಮ ಕಣವೊಂದು ತಿಂಗಳುಗಳ ಅಥವಾ ವರ್ಷಗಳ ನಂತರ ಹಿಗ್ಗಿ, ಯಾರೂ ಮುಟ್ಟದಿದ್ದರೂ ಗಾಜು ಒಡೆಯಬಹುದು. ಇದನ್ನು ತಡೆಯಲು ಕಾರ್ಖಾನೆಯಲ್ಲಿ ಗಾಜನ್ನು ಮತ್ತೊಮ್ಮೆ 250 ಡಿಗ್ರಿಗೂ ಹೆಚ್ಚಿನ ಕಾವಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಇದಕ್ಕೆ ಹೀಟ್ ಸೋಕ್ ಪರೀಕ್ಷೆ ಎಂದು ಹೆಸರು. ದೋಷವಿರುವ ಹಲಗೆಗಳಲ್ಲಿ ಬಹುಪಾಲು ಅಲ್ಲೇ ಒಡೆದುಹೋಗುತ್ತವೆ. ತಲೆಯ ಮೇಲೆ ಅಥವಾ ಕಾಲ ಕೆಳಗೆ ಬರುವ ಗಾಜಿಗೆ ಈ ಪರೀಕ್ಷೆ ಅಗತ್ಯ.

ಒಡೆದ ಮೇಲೂ ನಿಲ್ಲುವ ಹಲಗೆ

ಟಫನ್ಡ್ ಗಾಜಿನ ಒಂಟಿ ಹಲಗೆ ಎಷ್ಟೇ ದಪ್ಪವಿದ್ದರೂ ಮೆಟ್ಟಿಲಿಗೆ ಸಲ್ಲದು. ಒಡೆದ ಕ್ಷಣದಲ್ಲೇ ಅದು ಹರಳಾಗಿ ಉದುರಿಹೋಗಿ, ಮೇಲೆ ನಿಂತವರು ಕೆಳಕ್ಕೆ ಬೀಳುತ್ತಾರೆ. ಇದಕ್ಕೆ ಉತ್ತರ ಲ್ಯಾಮಿನೇಟೆಡ್ ಗಾಜು. ಎರಡು ಅಥವಾ ಮೂರು ಹಲಗೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪದರವಿಟ್ಟು, ಕಾವು ಮತ್ತು ಒತ್ತಡದಲ್ಲಿ ಬೆಸೆದು ಇದನ್ನು ತಯಾರಿಸುತ್ತಾರೆ. ಗಾಜು ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಫ್ರಾನ್ಸಿನ ರಸಾಯನತಜ್ಞ ಎದುವಾರ್ ಬೆನೆಡಿಕ್ಟಸ್‌ಗೆ ಈ ಯೋಚನೆ ಹೊಳೆದದ್ದು 1903ರಲ್ಲಿ. ಪ್ರಯೋಗಾಲಯದಲ್ಲಿ ಬಿದ್ದ ಗಾಜಿನ ಪಾತ್ರೆಯೊಂದು ಒಡೆದರೂ ಚದುರಲಿಲ್ಲ. ಅದರೊಳಗೆ ಒಣಗಿ ಉಳಿದಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಪೇಟೆಂಟ್ ಪಡೆದರು. ಇಂದು ಕಾರುಗಳ ಮುಂಗಾಜು ಇದೇ ತತ್ವದ ಮೇಲೆ ತಯಾರಾಗುತ್ತದೆ.

ಮೆಟ್ಟಿಲಿನ ಹಲಗೆಗೆ ಸಾಮಾನ್ಯವಾಗಿ ಮೂರು ಗಾಜುಗಳನ್ನು ಬೆಸೆಯುತ್ತಾರೆ. ಮೇಲಿನದು ಸವೆತ, ಪೆಟ್ಟು ತಿನ್ನಲೆಂದೇ ಇರುವುದು. ಅದು ಒಡೆದರೂ ಕೆಳಗಿನ ಎರಡೇ ಪೂರ್ಣ ಭಾರ ಹೊರುವಂತೆ ಲೆಕ್ಕ ಹಾಕಿರಬೇಕು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಅಂಗಡಿ ಕಟ್ಟಡಗಳ ಮೆಟ್ಟಿಲು ಪ್ರತಿ ಚದರ ಮೀಟರಿಗೆ 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆ.ಜಿ. ಭಾರ ತಾಳಬೇಕು. ಗಾಜಿನ ತೂಕವೂ ಕಡಿಮೆಯಲ್ಲ. 1 ಚದರ ಮೀಟರ್ ವಿಸ್ತೀರ್ಣದ, 10 ಮಿ.ಮೀ. ದಪ್ಪದ ಗಾಜು 25 ಕೆ.ಜಿ. ತೂಗುತ್ತದೆ. 1.5 ಮೀಟರ್ ಉದ್ದ, 300 ಮಿ.ಮೀ. ಅಗಲದ ಮೆಟ್ಟಿಲಿಗೆ 12 ಮಿ.ಮೀ.ನ ಮೂರು ಗಾಜು ಬೆಸೆದರೆ ಒಂದು ಹಲಗೆಯೇ 40 ಕೆ.ಜಿ. ದಾಟುತ್ತದೆ. ಇಂಥ ಇಪ್ಪತ್ತನಾಲ್ಕು ಹಲಗೆಗಳಿದ್ದರೆ ಗಾಜೊಂದೇ ಸುಮಾರು ಒಂದು ಟನ್. ಈ ತೂಕ ಹೊರುವ ಉಕ್ಕಿನ ಚೌಕಟ್ಟು, ಬೋಲ್ಟು, ಅಡಿಪಾಯ ಎಲ್ಲಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಬೇಕು. ಮೇಸ್ತ್ರಿಯ ಅಂದಾಜಿನ ಮೇಲೆ ಗಾಜಿನ ಮೆಟ್ಟಿಲು ಕಟ್ಟಿಸುವುದು ಜೀವದ ಜೊತೆ ಆಡುವ ಆಟ.

ಇಲ್ಲಿ ಅನುಭವಿಗಳಿಗಷ್ಟೇ ಹೊಳೆಯುವ ಒಂದು ಅಂಶವಿದೆ. ಬೆಸೆದ ಗಾಜುಗಳೆಲ್ಲ ಪೂರ್ತಿ ಟಫನ್ ಆದವೇ ಆಗಿದ್ದು, ಎಲ್ಲವೂ ಒಡೆದರೆ, ಸಣ್ಣ ಹರಳುಗಳಿಗೆ ಒಂದಕ್ಕೊಂದು ಆಸರೆಯಿಲ್ಲದೆ ಹಲಗೆ ಒದ್ದೆ ಕಂಬಳಿಯಂತೆ ಜೋತುಬೀಳುತ್ತದೆ. ಹೀಟ್ ಸ್ಟ್ರೆಂಥನ್ಡ್ ಎಂಬ ಬಗೆಯ ಗಾಜು ಸಾದಾ ಗಾಜಿಗಿಂತ ಎರಡು ಪಟ್ಟಷ್ಟೇ ಬಲಿಷ್ಠ. ಆದರೆ ದೊಡ್ಡ ತುಂಡುಗಳಾಗಿ ಒಡೆಯುವುದರಿಂದ, ಪದರಕ್ಕೆ ಅಂಟಿಕೊಂಡ ತುಂಡುಗಳು ಒಂದಕ್ಕೊಂದು ಒತ್ತಿಕೊಂಡು ಒಂದಷ್ಟು ಗಡಸುತನ ಉಳಿಸಿಕೊಳ್ಳುತ್ತವೆ. ಆದ್ದರಿಂದ ಮೆಟ್ಟಿಲಿನ ಹಲಗೆಯಲ್ಲಿ ಈ ಗಾಜನ್ನೂ ಸೇರಿಸುವುದುಂಟು. ಬಲ ಹೆಚ್ಚಿದಷ್ಟೂ ಭದ್ರತೆ ಹೆಚ್ಚು ಎಂಬ ನಂಬಿಕೆ ಗಾಜಿನ ವಿಷಯದಲ್ಲಿ ನಿಲ್ಲುವುದಿಲ್ಲ.

ಬಿಸಿಲು ಮತ್ತು ನಡುವಿನ ಪದರ

ನಡುವಿನ ಪದರಕ್ಕೆ ಹೆಚ್ಚಾಗಿ ಬಳಸುವುದು ಪಿವಿಬಿ ಎಂಬ ಪ್ಲಾಸ್ಟಿಕ್. ಅದು ಕಾವಿಗೆ ಮೆದುವಾಗುತ್ತದೆ. ತಂಪಿನಲ್ಲಿ ಮೂರೂ ಗಾಜುಗಳನ್ನು ಒಂದೇ ಗಟ್ಟಿ ಹಲಗೆಯಂತೆ ದುಡಿಸುವ ಈ ಪದರ, 40 ಡಿಗ್ರಿಯ ಆಚೆಗೆ ಗಾಜುಗಳು ಒಂದರ ಮೇಲೊಂದು ಸರಿಯಲು ಬಿಡುತ್ತದೆ. ಆಗ ಹಲಗೆ ಹೆಚ್ಚು ಬಾಗುತ್ತದೆ, ಪ್ರತಿ ಗಾಜಿನ ಮೇಲೂ ಎಳೆತ ಏರುತ್ತದೆ. ಬೀದರ್ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ದಿನಗಳಿವೆ. ನೇರ ಬಿಸಿಲು ಬೀಳುವ ಗಾಜಿನ ಕಾವು ಅದಕ್ಕಿಂತ ಬಹಳ ಹೆಚ್ಚು. ಅಂಗಡಿಯ ಮುಂಭಾಗದ ಗಾಜಿನ ಗೋಡೆಗೆ ಒತ್ತಿಕೊಂಡಿರುವ, ಅಥವಾ ತೆರೆದ ಆವರಣದಲ್ಲಿರುವ ಮೆಟ್ಟಿಲಿಗೆ ಅಯೊನೊಪ್ಲಾಸ್ಟ್ ಎಂಬ ಗಡಸು ಪದರ ಬಳಸುವುದು ಒಳ್ಳೆಯದು. ಅದರ ಬೆಲೆ ಹೆಚ್ಚು, ಆದರೆ ಕಾವಿನಲ್ಲೂ ಒಡೆದ ಮೇಲೂ ಅದು ಪಿವಿಬಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ತಂಪು ಸೀಮೆಯ ಕೋಷ್ಟಕ ನೋಡಿ ಗಾಜಿನ ದಪ್ಪ ನಿರ್ಧರಿಸಿದರೆ ಬೀದರ್‌ನ ಬೇಸಿಗೆಗೆ ಅದು ಸಾಲದೆ ಹೋಗಬಹುದು.

ಜಾರುವ ಕಾಲು

ಒಣಗಿದ, ಶುಭ್ರವಾದ ಗಾಜಿನ ಮೇಲೆ ಕಾಲು ಹೇಗೋ ನಿಲ್ಲುತ್ತದೆ. ಒದ್ದೆಯಾದ ನುಣುಪು ಗಾಜಿನ ಮೇಲೆ ನಿಲ್ಲುವುದಿಲ್ಲ. ವೆನಿಸ್ ನಗರದ ಗ್ರ್ಯಾಂಡ್ ಕಾಲುವೆಯ ಮೇಲೆ ವಾಸ್ತುಶಿಲ್ಪಿ ಸಾಂತಿಯಾಗೊ ಕಲಟ್ರಾವಾ ವಿನ್ಯಾಸದ ಸೇತುವೆ 2008ರಲ್ಲಿ ತೆರೆಯಿತು. ಅದರ ಮೆಟ್ಟಿಲುಗಳಲ್ಲಿ ಗಾಜಿನ ಹಲಗೆಗಳಿದ್ದವು. ಮಳೆ, ಮಂಜಿನ ದಿನಗಳಲ್ಲಿ ಜನ ಜಾರಿ ಬಿದ್ದು ಗಾಯಗೊಂಡ ದೂರುಗಳು ವರ್ಷಗಟ್ಟಲೆ ಬಂದ ಮೇಲೆ, 2022ರಲ್ಲಿ ನಗರಾಡಳಿತ ಗಾಜು ತೆಗೆದು ಟ್ರ್ಯಾಕೈಟ್ ಕಲ್ಲು ಹಾಕಲು ನಿರ್ಧರಿಸಿತು. ಸ್ಪೇನಿನ ಬಿಲ್ಬಾವೊದಲ್ಲಿ ಇದೇ ವಾಸ್ತುಶಿಲ್ಪಿಯ 1997ರ ಕಾಲ್ಸೇತುವೆಯ ಗಾಜಿನ ನೆಲಕ್ಕೂ ಕೊನೆಗೆ ಜಾರದ ಹಾಸು ಹಾಸಬೇಕಾಯಿತು. ಎರಡೂ ಕಡೆ ಗಾಜಿನ ಬಲಕ್ಕಿಂತ ಮೇಲ್ಮೈಯ ಹಿಡಿತವೇ ದೊಡ್ಡ ಸಮಸ್ಯೆಯಾಯಿತು.

ಬೀದರ್ ಸೀಮೆಯಲ್ಲಿ ನೀರಿನ ಜೊತೆ ಮಣ್ಣೂ ಸೇರುತ್ತದೆ. ಬೀದರ್ ನಗರದ ಸುತ್ತ ಕೆಂಪು ಜಂಬಿಟ್ಟಿಗೆ ಮಣ್ಣು. ಔರಾದ್, ಭಾಲ್ಕಿ ಕಡೆ ಎರೆಮಣ್ಣಿನ ಹೊಲಗಳು. ಮಳೆಗಾಲದಲ್ಲಿ ಚಪ್ಪಲಿಯ ಅಡಿಗೆ ಮೆತ್ತಿದ ಎರೆಮಣ್ಣು ಮೆಟ್ಟಿಲಿನ ಮೇಲೆ ತೆಳ್ಳನೆಯ ಕೆಸರಾಗಿ ಹರಡುತ್ತದೆ. ಸಂತೆಯ ದಿನ ಹಳ್ಳಿಗಳಿಂದ ಬರುವ ಜನರಲ್ಲಿ ಸವೆದ ರಬ್ಬರ್ ಚಪ್ಪಲಿ ಮೆಟ್ಟಿದವರು, ತಲೆಯ ಮೇಲೋ ಕಂಕುಳಲ್ಲೋ ಗಂಟು ಹೊತ್ತವರು, ಮಗು ಎತ್ತಿಕೊಂಡವರು ಇರುತ್ತಾರೆ. ಅವರಲ್ಲಿ ಹಲವರಿಗೆ ರೇಲಿಂಗ್ ಹಿಡಿಯಲು ಕೈ ಬಿಡುವಿರುವುದಿಲ್ಲ. ಮೆಟ್ಟಿಲಿನ ಮೇಲ್ಮೈಯನ್ನು ಇಂಥವರ ಲೆಕ್ಕದಲ್ಲೇ ಆರಿಸಬೇಕು.

ಗಾಜಿಗೆ ಹಿಡಿತ ಕೊಡುವ ವಿಧಾನಗಳಿವೆ. ಗಾಜಿನೊಡನೆ ಸುಟ್ಟು ಬೆಸೆಯುವ ಸೆರಾಮಿಕ್ ಚುಕ್ಕೆಗಳು ಅಥವಾ ಪಟ್ಟೆಗಳು ಬಹುಕಾಲ ಬಾಳುತ್ತವೆ. ಮರಳು ಸಿಡಿಸಿ ಒರಟು ಮಾಡಿದ ಮೈ ಕ್ರಮೇಣ ಸವೆಯುತ್ತದೆ, ಎಣ್ಣೆ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಟಿಸುವ ಟೇಪು ತಾತ್ಕಾಲಿಕ. ಅದರ ಅಂಚು ಎದ್ದರೆ ಅದೇ ಎಡವಲು ಕಾರಣ. ಹಿಡಿತವನ್ನು ಅಳೆಯಲು ರಬ್ಬರ್ ತುದಿಯ ಲೋಲಕವೊಂದನ್ನು ಒದ್ದೆ ಮೇಲ್ಮೈಯ ಮೇಲೆ ಉಜ್ಜಿ ನೋಡುವ ಪರೀಕ್ಷೆಯಿದೆ. ಬ್ರಿಟನ್ನಿನ ಪದ್ಧತಿಯಲ್ಲಿ ಅದರ ಅಂಕ 36 ಅಥವಾ ಮೇಲಿದ್ದರೆ ಜಾರುವ ಅಪಾಯ ಕಡಿಮೆ. ಗಾಜು ಕೊಳ್ಳುವಾಗ ಒದ್ದೆ ಸ್ಥಿತಿಯ ಪರೀಕ್ಷಾ ವರದಿಯನ್ನೇ ಕೇಳಬೇಕು. ಒಣ ಗಾಜಿನ ಅಂಕ ಉಪಯೋಗಕ್ಕೆ ಬರದು.

ಕಣ್ಣಿಗೆ ಕಾಣುವ ಅಂಚು

ಮೆಟ್ಟಿಲು ಇಳಿಯುವಾಗ ಕಣ್ಣು ಮೊದಲು ಹುಡುಕುವುದು ಹಲಗೆಯ ಮುಂದಿನ ಅಂಚನ್ನು. ಅದು ಎಲ್ಲಿದೆ ಎಂದು ತಿಳಿದ ಮೇಲೆ ಕಾಲು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಪಾರದರ್ಶಕ ಹಲಗೆಯಲ್ಲಿ ಆ ಅಂಚು ಮಾಯವಾಗುತ್ತದೆ. ಕಾಣುವುದು ಕೆಳಗಿನ ಮೆಟ್ಟಿಲು, ಅದರ ಕೆಳಗಿನ ನೆಲ, ದೀಪಗಳ ಪ್ರತಿಬಿಂಬ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಅವರು 1960ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಅಂಬೆಗಾಲಿಡುವ 36 ಶಿಶುಗಳನ್ನು ಗಟ್ಟಿ ಗಾಜಿನ ಮೇಜಿನ ಮೇಲೆ ಬಿಟ್ಟರು. ಮೇಜಿನ ಒಂದು ಭಾಗದಲ್ಲಿ ನೆಲ ಗಾಜಿಗೆ ತಾಗಿದಂತೆಯೂ ಇನ್ನೊಂದು ಭಾಗದಲ್ಲಿ ಆಳದಲ್ಲಿಯೂ ಕಾಣುತ್ತಿತ್ತು. ತಾಯಿ ಕರೆದರೂ ಆಳ ಕಾಣುವ ಗಾಜಿನ ಮೇಲೆ ಹೋದದ್ದು ಮೂರು ಶಿಶುಗಳು ಮಾತ್ರ. ಆಳ ಕಂಡರೆ ಹಿಂಜರಿಯುವುದು ಮನುಷ್ಯನಿಗೆ ಅಷ್ಟು ಎಳವೆಯಲ್ಲೇ ಬರುತ್ತದೆ. ಗಾಜಿನ ಮೆಟ್ಟಿಲಿನ ಮೇಲೆ ವಯಸ್ಸಾದವರು ತಡವರಿಸಿ ನಿಲ್ಲುವುದನ್ನು ಅಂಜುಬುರುಕತನ ಎಂದುಕೊಳ್ಳಬಾರದು. ಪೊರೆ ಬಂದ ಕಣ್ಣಿನವರಿಗೆ, ಬೈಫೋಕಲ್ ಕನ್ನಡಕ ಧರಿಸಿದವರಿಗೆ ಈ ತೊಂದರೆ ಇನ್ನೂ ಹೆಚ್ಚು.

ಪರಿಹಾರ ಸರಳವಾಗಿದೆ. ಪ್ರತಿ ಹಲಗೆಯ ಮುಂದಿನ ಅಂಚಿನಲ್ಲಿ ಸುಮಾರು 50 ಮಿ.ಮೀ. ಅಗಲದ, ಗಾಜಿನ ಬಣ್ಣಕ್ಕಿಂತ ಎದ್ದು ಕಾಣುವ ಪಟ್ಟಿ ಇರಬೇಕು. ಹಲಗೆ ಪಾರದರ್ಶಕವಾಗಿರದೆ ಹಾಲುಬಿಳುಪಿನದಾಗಿರಬೇಕು. ಎರಡು ಹಲಗೆಗಳ ನಡುವಿನ ತೆರಪನ್ನು ಮುಚ್ಚಬೇಕು. ತೆರಪಿದ್ದರೆ ಹತ್ತುವವರ ಕಾಲ್ಬೆರಳು, ಮಕ್ಕಳ ಪಾದ ಸಿಕ್ಕಿಕೊಳ್ಳುತ್ತವೆ. ದೀಪ ಕಣ್ಣಿಗೆ ಹೊಡೆಯದಂತೆ, ಮೆಟ್ಟಿಲಿನ ಮೇಲೆ ಸಮನಾಗಿ ಬೀಳುವಂತೆ ಇರಬೇಕು.

ಹಾಲುಬಿಳುಪಿನ ಹಲಗೆಯಿಂದ ಇನ್ನೊಂದು ಲಾಭವಿದೆ. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ 2011ರಲ್ಲಿ ತೆರೆದ ನ್ಯಾಯಾಲಯ ಕಟ್ಟಡದ ಗಾಜಿನ ಮೆಟ್ಟಿಲ ಕೆಳಗೆ ನಿಂತವರಿಗೆ ಮೇಲೆ ನಡೆಯುವವರ ಉಡುಪಿನೊಳಗು ಕಾಣುತ್ತಿತ್ತು. ಅಲ್ಲಿನ ನ್ಯಾಯಾಧೀಶೆಯೊಬ್ಬರೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಸೀರೆ, ಲಂಗ, ಧೋತರ ಉಡುವ ಊರಿನಲ್ಲಿ ಹೆಣ್ಣುಮಕ್ಕಳು ಸಂಕೋಚದಿಂದ ಸೆರಗು, ನೆರಿಗೆ ಹಿಡಿದುಕೊಂಡು ಇಳಿಯಬೇಕಾದರೆ ರೇಲಿಂಗ್ ಹಿಡಿಯಲು ಕೈ ಉಳಿಯುವುದಿಲ್ಲ. ಮರ್ಯಾದೆಯ ಪ್ರಶ್ನೆ ಹೀಗೆ ಭದ್ರತೆಯ ಪ್ರಶ್ನೆಯೂ ಆಗುತ್ತದೆ.

ಅಳತೆ ಮತ್ತು ರೇಲಿಂಗ್

ಗಾಜು ಎಷ್ಟೇ ಉತ್ತಮವಾಗಿದ್ದರೂ ಅಳತೆ ತಪ್ಪಿದ ಮೆಟ್ಟಿಲು ಬೀಳಿಸುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಅಂಗಡಿ, ಕಚೇರಿಗಳ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲವಿರಬೇಕು. ಕಾಲಿಡುವ ಹಲಗೆ 300 ಮಿ.ಮೀ.ಗಿಂತ ಕಡಿಮೆ ಇರಬಾರದು, ಏರು 150 ಮಿ.ಮೀ. ಮೀರಬಾರದು. ಒಂದೇ ಸಮನೆ 12 ಏರುಗಳಾದ ಮೇಲೆ ನಿಲ್ಲಲು ಜಗಲಿ ಬೇಕು. 3.6 ಮೀಟರ್ ಎತ್ತರದ ಮಹಡಿಗೆ 24 ಏರು, ನಡುವೆ ಒಂದು ಜಗಲಿ ಎಂದು ಲೆಕ್ಕ. ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೊಂಡೆಲ್ 17ನೇ ಶತಮಾನದಲ್ಲೇ ಏರಿನ ಎರಡು ಪಟ್ಟು ಮತ್ತು ಹಲಗೆಯ ಅಗಲ ಸೇರಿದರೆ ಒಂದು ಹೆಜ್ಜೆಯ ಅಳತೆ ಬರಬೇಕು ಎಂದಿದ್ದರು; 150ರ ಎರಡು ಪಟ್ಟಿಗೆ 300 ಸೇರಿಸಿದರೆ ಬರುವ 600 ಮಿ.ಮೀ. ಅದಕ್ಕೆ ಹೊಂದುತ್ತದೆ. ಜಾಗ ಉಳಿಸಲು ಏರನ್ನು 200 ಮಿ.ಮೀ. ಮಾಡಿದರೆ 18 ಮೆಟ್ಟಿಲಲ್ಲೇ ಮುಗಿಯುತ್ತದೆ ನಿಜ, ಆದರೆ ಮೊಣಕಾಲು ನೋವಿನವರಿಗೂ ಮಕ್ಕಳಿಗೂ ಅದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲ ಏರುಗಳೂ ಒಂದೇ ಎತ್ತರ ಇರಬೇಕು. ಒಂದು ಮೆಟ್ಟಿಲು ಮಾತ್ರ ಎತ್ತರವೋ ಗಿಡ್ಡವೋ ಆದರೆ, ಹಿಂದಿನ ಲಯಕ್ಕೆ ಒಗ್ಗಿದ ಕಾಲು ಅಲ್ಲೇ ಎಡವುತ್ತದೆ.

ಬೀದರ್‌ನ ಹಳೆಯ ನಗರದ ನಡುವೆ ನಿಂತಿರುವ ಚೌಬಾರದ ಒಳಗೆ 80 ಮೆಟ್ಟಿಲುಗಳ ಸುರುಳಿ ಏರಿಕೆಯಿದೆ. 71 ಅಡಿ ಎತ್ತರದ ಆ ಕಾವಲು ಗೋಪುರದ ಮೆಟ್ಟಿಲು ಪಹರೆಯವರಿಗಾಗಿ ಇದ್ದದ್ದು. ಅಂಗಡಿಯ ಮೆಟ್ಟಿಲು ಎಲ್ಲ ವಯಸ್ಸಿನ, ಎಲ್ಲ ಶಕ್ತಿಯ ಜನರಿಗೆ ಒದಗಬೇಕಾದದ್ದು. ಅಲಂಕಾರಕ್ಕೆಂದು ಸುರುಳಿಯಾಗಿ ಕಟ್ಟಿದ ಗಾಜಿನ ಮೆಟ್ಟಿಲನ್ನು ಜನಸಂದಣಿಯ ಮುಖ್ಯ ದಾರಿಯಾಗಿ ಬಳಸಬಾರದು. ಒಳಬದಿಯಲ್ಲಿ ಹಲಗೆ ತೀರ ಕಿರಿದಾಗುತ್ತದೆ.

ರೇಲಿಂಗ್ ಗಾಜಿನದಾದರೆ ಅದೂ ಲ್ಯಾಮಿನೇಟೆಡ್ ಆಗಿರಬೇಕು. ಟಫನ್ಡ್ ಗಾಜಿನ ಒಂಟಿ ಹಲಗೆ ಒಡೆದ ಕೂಡಲೇ ಅಲ್ಲಿ ತಡೆಯೇ ಇಲ್ಲದಂತಾಗುತ್ತದೆ. ಮೇಲೆ ಉದ್ದಕ್ಕೂ ಸಾಗುವ ಉಕ್ಕಿನ ಅಥವಾ ಮರದ ಹಿಡಿಕೆ ಇರಬೇಕು; ಒಂದು ಗಾಜು ಹೋದರೂ ಹಿಡಿಕೆ ಅಕ್ಕಪಕ್ಕದ ಕಂಬಗಳ ಮೇಲೆ ನಿಲ್ಲಬೇಕು. ಹಿಡಿಕೆಯ ಎತ್ತರ ಸುಮಾರು 1 ಮೀಟರ್. ಗಾಜಿಗೂ ಲೋಹಕ್ಕೂ ನೇರ ತಾಗುವಿಕೆ ಇರಬಾರದು, ನಡುವೆ ರಬ್ಬರ್ ಇರಬೇಕು. ತೂತಿನ ಸುತ್ತ ಬೋಲ್ಟನ್ನು ಅತಿಯಾಗಿ ಬಿಗಿದರೆ ಗಾಜು ಆ ಜಾಗದಲ್ಲೇ ಒಡೆಯುತ್ತದೆ. 1993ರ ಸೆಪ್ಟೆಂಬರ್ 30ರಂದು ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದದ್ದನ್ನು ಈ ಸೀಮೆ ಮರೆತಿಲ್ಲ. ಕಟ್ಟಡ ಅಲುಗಿದಾಗ ಗಾಜಿಗೆ ಪೆಟ್ಟು ತಗಲದಂತೆ ಚೌಕಟ್ಟಿನಲ್ಲಿ ಸರಿದಾಡಲು ತೆರಪು ಬಿಟ್ಟಿರಬೇಕು.

ಬೆಂಕಿಯ ಹೊತ್ತಿನಲ್ಲಿ

ಗಾಜು ಹೊತ್ತಿ ಉರಿಯುವ ವಸ್ತುವಲ್ಲ, ಆದರೆ ಬೆಂಕಿಯನ್ನು ತಾಳುವ ವಸ್ತುವೂ ಅಲ್ಲ. ಒಂದೇ ಹಲಗೆಯ ಎರಡು ಭಾಗಗಳ ನಡುವೆ ಸುಮಾರು 40 ಡಿಗ್ರಿ ಅಂತರ ಬಂದರೆ ಸಾದಾ ಗಾಜು ಸೀಳಬಹುದು. ಟಫನ್ಡ್ ಗಾಜು 200 ಡಿಗ್ರಿಯಷ್ಟು ಅಂತರ ತಾಳಿದರೂ ನಡುವಿನ ಪ್ಲಾಸ್ಟಿಕ್ ಪದರ ಅದಕ್ಕೆ ಮೊದಲೇ ಮೆದುವಾಗಿ ಹಿಡಿತ ಬಿಡುತ್ತದೆ. ಅಂಗಡಿಯ ನಡುವೆ ತೆರೆದಿರುವ ಮೆಟ್ಟಿಲು ಹೊಗೆ ಮೇಲೇರುವ ದಾರಿಯೂ ಆಗುತ್ತದೆ. ಆದ್ದರಿಂದ ಅಲಂಕಾರದ ಗಾಜಿನ ಮೆಟ್ಟಿಲನ್ನು ಪಾರಾಗುವ ದಾರಿಯೆಂದು ಎಣಿಸಬಾರದು. ಲಿಫ್ಟ್, ಎಸ್ಕಲೇಟರ್‌ಗಳಿಗೂ ಸಂಹಿತೆ ಆ ಸ್ಥಾನ ಕೊಟ್ಟಿಲ್ಲ. ಗೋಡೆ, ಬೆಂಕಿ ತಡೆಯುವ ಬಾಗಿಲುಗಳ ನಡುವೆ ಸುತ್ತುವರಿದ ಕಾಂಕ್ರೀಟ್ ಮೆಟ್ಟಿಲು ಬೇರೆಯೇ ಬೇಕು.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದಾಗ ಮೇಲಿನ ಮಹಡಿಗಳಿಗೆ ಹೊಗೆ ತುಂಬಿತು. ಕೆಲವರು ಕಿಟಕಿಯ ಗಾಜು ಒಡೆದು ಕೆಳಕ್ಕೆ ಹಾರಿದರು. 9 ಜನ ಸತ್ತರು. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ವಾಣಿಜ್ಯ ಸಂಕೀರ್ಣದಲ್ಲಿ ಮೇಲಂತಸ್ತಿನ ಕೋಚಿಂಗ್ ತರಗತಿಯಲ್ಲಿದ್ದ 22 ವಿದ್ಯಾರ್ಥಿಗಳು ಬೆಂಕಿಗೆ ಬಲಿಯಾದರು. ಅವರು ಇಳಿಯಬೇಕಿದ್ದ ಮರದ ಮೆಟ್ಟಿಲು ಸುಟ್ಟುಹೋಗಿತ್ತು. ಇವೆರಡೂ ಗಾಜಿನ ಮೆಟ್ಟಿಲಿನ ದುರಂತಗಳಲ್ಲ. ಆದರೆ ಪಾರಾಗುವ ದಾರಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇವಕ್ಕಿಂತ ಬೇರೆ ಸಾಕ್ಷಿ ಬೇಡ. ಕೆಳಗೆ ಅಂಗಡಿ, ಮೇಲೆ ಟ್ಯೂಷನ್ ತರಗತಿ ಇರುವ ಕಟ್ಟಡಗಳು ಬೀದರ್‌ನಂಥ ವಿದ್ಯಾಕೇಂದ್ರದಲ್ಲಿ ಸಾಮಾನ್ಯ. ಎರಡು ಮೂರು ಮಹಡಿಯ ಕಟ್ಟಡ 15 ಮೀಟರ್ ಮುಟ್ಟದ ಕಾರಣ ಸಂಹಿತೆಯ ಬಹುಮಹಡಿ ಕಟ್ಟಡದ ಸಾಲಿಗೆ ಸೇರುವುದಿಲ್ಲ. ಅಲ್ಲಿ ಮಾಲೀಕರ ಹೊಣೆಯೇ ಮೊದಲನೆಯದು.

ಕೊಳ್ಳುವಾಗ, ಬಳಸುವಾಗ

ಮೆಟ್ಟಿಲಿಗೆ ತರಿಸಿದ ಗಾಜಿನ ಮೂಲೆಯಲ್ಲಿ ಅಳಿಸದ ಐಎಸ್‌ಐ ಮುದ್ರೆ, ಐಎಸ್ 2553 ಸಂಖ್ಯೆ ಇದೆಯೇ ನೋಡಬೇಕು. ಸುರಕ್ಷಾ ಗಾಜಿಗೆ ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿದ ಮಾನಕ ಇದು. ಕಟ್ಟಡಗಳಲ್ಲಿ ಗಾಜು ಬಳಸುವ ವಿಧಾನವನ್ನು ಐಎಸ್ 16231 ವಿವರಿಸುತ್ತದೆ. ಹಲಗೆಯನ್ನು ಅಂಚಿನಿಂದ ನೋಡಿದರೆ ಲ್ಯಾಮಿನೇಟೆಡ್ ಗಾಜಿನಲ್ಲಿ ಪದರದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಗೆರೆ ಕಾಣದಿದ್ದರೆ ಅದು ಒಂಟಿ ಗಾಜು. ಒಂದೆರಡು ಹಲಗೆಗಳನ್ನು ಹೆಚ್ಚುವರಿಯಾಗಿ ಮಾಡಿಸಿಟ್ಟುಕೊಳ್ಳುವುದು ಜಾಣತನ. ಟಫನ್ ಮಾಡಿದ ಗಾಜನ್ನು ಸ್ಥಳದಲ್ಲಿ ಕತ್ತರಿಸಿ ಹೊಂದಿಸಲಾಗದ್ದರಿಂದ, ಒಂದು ಒಡೆದರೆ ಹೊಸದು ಬರುವವರೆಗೆ ಮೆಟ್ಟಿಲನ್ನೇ ಮುಚ್ಚಬೇಕಾಗುತ್ತದೆ.

ಬಾಗಿಲಲ್ಲಿ ದಪ್ಪ ಕಾಲೊರಸು ಹಾಕಬೇಕು. ಮಳೆಗಾಲದಲ್ಲಿ ಮೆಟ್ಟಿಲನ್ನು ಆಗಾಗ ಒಣಬಟ್ಟೆಯಿಂದ ಒರೆಸಬೇಕು. ಜಿಡ್ಡು ಉಳಿಸುವ ಸೋಪು, ಪಾಲಿಶ್ ಬಳಸಬಾರದು. ಬೋಲ್ಟು, ರಬ್ಬರ್, ಅಂಚುಗಳನ್ನು ಎಂಜಿನಿಯರ್‌ರಿಂದ ನಿಯತವಾಗಿ ತಪಾಸಣೆ ಮಾಡಿಸಬೇಕು. ಅಂಚಿನಲ್ಲಿ ಚಕ್ಕೆ ಎದ್ದರೆ, ಪದರದಲ್ಲಿ ಬಿಳಿ ಗುಳ್ಳೆ ಕಂಡರೆ ಅದು ಎಚ್ಚರಿಕೆ. ಮೇಲಿನ ಗಾಜು ಮಾತ್ರ ಸೀಳಿದೆ, ಕೆಳಗಿನದು ಗಟ್ಟಿ ಇದೆ ಎಂದು ವ್ಯಾಪಾರ ಮುಂದುವರಿಸಬಾರದು. ಆ ಮೆಟ್ಟಿಲನ್ನು ಮೇಲೂ ಕೆಳಗೂ ಅಡ್ಡಗಟ್ಟಿ, ಹಲಗೆ ಬದಲಿಸಿದ ಮೇಲಷ್ಟೇ ತೆರೆಯಬೇಕು.

ಇಷ್ಟು ಲೆಕ್ಕ, ಪರೀಕ್ಷೆ, ನಿಗಾ ಒದಗಿಸಬಲ್ಲ ಕಟ್ಟಡದಲ್ಲಿ ಗಾಜಿನ ಮೆಟ್ಟಿಲು ಭದ್ರವಾಗಿಯೇ ಇರುತ್ತದೆ. ಒದಗಿಸಲಾಗದ ಕಡೆ ಅದನ್ನು ಕಟ್ಟಿಸಬಾರದು. ಬೀದರ್ ಸೀಮೆಯ ಸಣ್ಣ, ನಡುವಣ ಅಂಗಡಿಗಳಿಗೆ ಇನ್ನೊಂದು ದಾರಿಯಿದೆ: ಕಾಂಕ್ರೀಟ್ ಮೆಟ್ಟಿಲಿಗೆ ಪಾಲಿಶ್ ಮಾಡದ ಶಹಾಬಾದ್ ಫರಸಿ ಅಥವಾ ಒರಟು ಮೈಯ ಗ್ರಾನೈಟ್, ಅಂಚಿಗೆ ಎದ್ದು ಕಾಣುವ ಪಟ್ಟಿ, ಪಕ್ಕಕ್ಕೆ ಲ್ಯಾಮಿನೇಟೆಡ್ ಗಾಜಿನ ರೇಲಿಂಗ್, ಅದರ ಮೇಲೆ ಗಟ್ಟಿ ಹಿಡಿಕೆ. ಬೆಳಕೂ ಅಂದವೂ ರೇಲಿಂಗ್‌ನಿಂದ ಸಿಗುತ್ತವೆ, ಹಿಡಿತವೂ ಬಲವೂ ಕಲ್ಲಿನಿಂದ ಸಿಗುತ್ತವೆ. ಹೊಸದಾಗಿ ಕಟ್ಟಿಸುವವರು ನಕ್ಷೆ ಅಂತಿಮವಾಗುವ ಮುನ್ನವೇ ಎಂಜಿನಿಯರ್ ಬಳಿ ಈ ಮಾತು ಎತ್ತಬೇಕು. ಈಗಾಗಲೇ ಗಾಜು ಹಾಕಿಸಿರುವವರು ಇಂದೇ ಅದರ ಅಂಚನ್ನೂ ಮುದ್ರೆಯನ್ನೂ ನೋಡಿಕೊಳ್ಳಬೇಕು.